ಹಾಯಿದೋಣಿ ಮಾರಾಟಕ್ಕಿದೆ, ಅಮ್ಮ ಸೇರಿಲ್ಲ

"ಚೆನ್ನಾಗಿ ನೋಡಿಕೊಂಡ ಹಾಯಿದೋಣಿ ಮಾರಾಟಕ್ಕಿದೆ. ದೂರ ಪ್ರಯಾಣಕ್ಕೆ ತಕ್ಕುದು. ನಾಲ್ವರು ಮಲಗಲು ಜಾಗ, ಅಡುಗೆಗೆ ಒಲೆ, ನಿಂತರೆ ತಲೆ ತಾಗದಷ್ಟು ಎತ್ತರ. ಒಂದು ಹನಿಯೂ ಸೋರುವುದಿಲ್ಲ. ಒಳಗಿರುವ ಹೆಂಗಸು ದೋಣಿಯೊಂದಿಗೆ ಬರುವುದಿಲ್ಲ."

ಕೊನೆಯ ಸಾಲು ಅಪ್ಪನದು. ಉಳಿದದ್ದನ್ನು ಬರೆದವಳು ಗುಬ್ಬಿ. ಪದವಿ ಮುಗಿಸಿ, ಮನೆಯಲ್ಲೇ ಕೂತು ಒಂದು ಪ್ರಕಾಶನದವರಿಗೆ ಕರಡು ತಿದ್ದಿ ಕೊಡುತ್ತಿದ್ದ ಅವಳಿಗೆ ಬಾಯಿಗಿಂತ ಪೆನ್ನು ಹತ್ತಿರ. ಬಾಗಿಲು ತಟ್ಟಿದ ಸದ್ದಾದರೆ ಪರದೆಯ ಹಿಂದೆ ಸರಿಯುವ, ಫೋನು ಬಡಿದುಕೊಂಡರೆ ಅದು ತಾನಾಗಿ ಸುಮ್ಮನಾಗಲಿ ಎಂದು ಕಾಯುವ ಹುಡುಗಿ. ಅದಕ್ಕೇ ಮನೆಯಲ್ಲಿ ಅವಳಿಗೆ ಆ ಹೆಸರು. ಇನ್ನು, ಒಳಗಿರುವ ಹೆಂಗಸು ಎಂದರೆ ಅವಳ ಅಮ್ಮ.

"ಅಪ್ಪಾ, ಹೆಂಗಸು ಅಂತ ಹಾಕೋದು ಚೆನ್ನಾಗಿರಲ್ಲ," ಎಂದಳು ಗುಬ್ಬಿ ಮೆಲ್ಲಗೆ.

"ಮತ್ತೇನು ಹಾಕ್ಲಿ? ಹೆಂಡತಿ ಅಂತ ಹಾಕಿದ್ರೆ ಜನ ಆಡ್ಕೊಳಲ್ವಾ?"

"ಏನೂ ಹಾಕದೇ ಇದ್ರೆ?"

"ನಾಳೆ ತಗೊಂಡೋನು ಬಂದು, ದೋಣಿ ನೋಡಿದಾಗ ಒಳಗೆ ಇದ್ದಿದ್ದೆಲ್ಲಾ ನಂದು ಅಂತ ಪಟ್ಟು ಹಿಡಿದ್ರೆ? ವ್ಯಾಪಾರದಲ್ಲಿ ಎಲ್ಲಾ ಬಿಚ್ಚಿ ಹೇಳ್ಬೇಕು ಕಣೇ."

ಅಪ್ಪ ಹಲ್ಲು ಕಟ್ಟುವವನು. ಊರಿನ ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ಕಳಿಸಿದರೆ, ಮನೆಯ ಮುಂದಿನ ಕೋಣೆಯಲ್ಲಿ ಮೇಣ, ಅರ, ಬಿಳಿ ಗಾರೆ ಹರಡಿಕೊಂಡು ಹಲ್ಲಿನ ಸೆಟ್ಟು ಮಾಡಿ ಕೊಡುವ ಕೆಲಸ. ಅವನು ಕಟ್ಟಿದ ಹಲ್ಲು ಹಾಕಿಕೊಂಡವರು ಕಾರಣವಿಲ್ಲದೆ ನಗುತ್ತ ತಿರುಗುತ್ತಿದ್ದರು. ಆದರೆ ಅವನ ಬಾಯಿಯಲ್ಲೇ ದವಡೆಯ ಹಲ್ಲು ಒಂದೂ ಇರಲಿಲ್ಲ. ಎದುರಿಗೆ ಕಾಣುವವು ಮುತ್ತಿನಂತೆ, ಹಿಂದೆ ಬಟಾಬಯಲು. ಕಾಣದ ಹಲ್ಲನ್ನು ಯಾರಿಗಾಗಿ ಕಟ್ಟಬೇಕು ಎಂಬುದು ಅವನ ವಾದ. ಊಟಕ್ಕೆ ಕೂತಾಗ ಮಾತ್ರ ಮೊಲದಂತೆ ಮುಂದಿನ ಹಲ್ಲಲ್ಲೇ ಕಡಿಯುತ್ತ ಒಂದು ಗಂಟೆ ತೆಗೆದುಕೊಳ್ಳುತ್ತಿದ್ದ. "ಊರಿಗೆ ಉಪಕಾರಿ, ಮನೆಗೆ ಮಾರಿ," ಎನ್ನುತ್ತ ಅಮ್ಮ ಅವನ ತಟ್ಟೆಯ ಮುಂದೆ ಕಾಯುತ್ತಿದ್ದಳು.

ದೋಣಿಯೂ ಅದೇ ಕತೆ. ಗುಬ್ಬಿ ಶಾಲೆಗೆ ಹೋಗುತ್ತಿದ್ದಾಗ, ಊರು ಬಿಟ್ಟು ಹೊರಟವರೊಬ್ಬರಿಂದ ಅಪ್ಪ ಅದನ್ನು ಕೊಂಡ. ಕೊಂಡದ್ದೇ ಮಾರುವುದಕ್ಕೆ. ನಾಲ್ಕು ದಿನ ತಿಕ್ಕಿ, ಬಣ್ಣ ಬಳಿದು, ಒಳ್ಳೆಯವರು ಸಿಕ್ಕರೆ ಕೊಟ್ಟುಬಿಡುವುದೆಂದು. ಆದರೆ ಒಂದು ಹಲಗೆ ಹೊಳೆದರೆ ಪಕ್ಕದ ಹಲಗೆ ಮಂಕಾಗಿ ಕಂಡಿತು. ಅದನ್ನು ಹೊಳೆಸಿದರೆ ಹಿತ್ತಾಳೆಯ ಕೊಂಡಿ ಕಪ್ಪಾಗಿ ಕಂಡಿತು. ಕೊಂಡಿ ಬೆಳಗಿದರೆ ಹಗ್ಗ ಹಳೆಯದೆನಿಸಿತು. ಹೀಗೆ ವರ್ಷಗಳೇ ಕಳೆದವು. ದೋಣಿ ಬಂದರಿನ ಕಟ್ಟೆ ಬಿಟ್ಟು ಕದಲಲಿಲ್ಲ. ಹಾಯಿಯನ್ನು ವರ್ಷಕ್ಕೊಮ್ಮೆ ಕಂಬಳಿ ಒಣಗಿಸಿದಂತೆ ಬಿಸಿಲಿಗೆ ಹರಡಿ, ಮಡಿಚಿ, ಚೀಲಕ್ಕೆ ಹಾಕುತ್ತಿದ್ದರು. ಸಮುದ್ರಕ್ಕೆ ಒಯ್ದರೆ ಕೊಳೆಯಾಗುತ್ತದೆ.

"ಮಾರೋ ವಸ್ತು ಕನ್ನಡಿ ಥರ ಇರ್ಬೇಕು," ಎನ್ನುತ್ತಿದ್ದ ಅಪ್ಪ. "ಯಾರಾದ್ರೂ ಬಂದು ಬೆರಳಿಟ್ಟು ಕುಂದು ತೋರಿಸಿದ್ರೆ ನನ್ನ ಮಾನ ಏನಾಗ್ಬೇಕು?"

"ಮನೆ ಮಾನ?" ಎಂದು ಅಮ್ಮ.

"ಮನೇನ ಯಾರು ನೋಡ್ತಾರೆ? ನಾವೇ ತಾನೆ?"

ಮನೆಯನ್ನು ನೋಡಬೇಕಿತ್ತು. ಅಡುಗೆಮನೆಯ ನಲ್ಲಿಗೆ ಬಟ್ಟೆ ಸುತ್ತಿ, ಅದರ ತುದಿಯಿಂದ ನೀರು ಬಕೆಟ್ಟಿಗೆ ಇಳಿಯಲೆಂದು ದಾರ ಕಟ್ಟಿತ್ತು. ಅಡುಗೆಮನೆಯ ದೀಪದ ಸ್ವಿಚ್ಚು ಮಲಗುವ ಕೋಣೆಯಲ್ಲಿತ್ತು. ಒಲೆಯ ಮುಂದೆ ನಿಂತವರು "ಹಾಕಿ!" ಎಂದು ಕೂಗಬೇಕು, ಮಲಗಿದವರು ಎದ್ದು ಹಾಕಬೇಕು. ಮಹಡಿಯ ಮೆಟ್ಟಿಲುಗಳಲ್ಲಿ ಮೂರನೆಯದು ಇರಲೇ ಇಲ್ಲ. ಅದನ್ನು ದಾಟಿ ದಾಟಿ ಅಭ್ಯಾಸವಾಗಿ, ಮನೆಯವರೆಲ್ಲ ಬೇರೆಯವರ ಮನೆಗೆ ಹೋದಾಗಲೂ ಮೂರನೆಯ ಮೆಟ್ಟಿಲನ್ನು ಹಾರಿಯೇ ಹತ್ತುತ್ತಿದ್ದರು. ಬಚ್ಚಲಿನ ಬಾಗಿಲಿಗೆ ಚಿಲಕವಿರಲಿಲ್ಲ. ಒಳಗೆ ಹೋದವರು ಹಾಡುತ್ತಿರಬೇಕೆಂಬುದು ಮನೆಯ ಕಾನೂನು. ಗುಬ್ಬಿಗೆ ಹಾಡಲು ನಾಚಿಕೆ. ಅವಳು ಮಗ್ಗಿನಿಂದ ಬಕೆಟ್ಟಿಗೆ ಬಡಿಯುತ್ತಿದ್ದಳು. ಆ ಸದ್ದಿಗೆ ಅಪ್ಪ ಯಾರೋ ಬಂದರೆಂದು ಹೋಗಿ ಮುಂಬಾಗಿಲು ತೆರೆಯುತ್ತಿದ್ದ.

ಒಂದು ಬೆಳಿಗ್ಗೆ ಅಡುಗೆಮನೆಯ ಗೋಡೆಯ ಹಲಗೆ, ಡಬ್ಬಿಗಳ ಸಮೇತ, ಅಮ್ಮನ ಕಾಲಿನ ಪಕ್ಕಕ್ಕೇ ಕುಸಿಯಿತು. ಅಮ್ಮ ನೆಲದ ಮೇಲಿನ ಹಿಟ್ಟು, ಬೇಳೆ, ಗಾಜಿನ ಚೂರುಗಳನ್ನೆಲ್ಲ ಒಮ್ಮೆ ನೋಡಿದಳು. ಕೂಗಲಿಲ್ಲ. ಗುಡಿಸಲೂ ಇಲ್ಲ. ಒಂದು ದಿಂಬು, ಕುಕ್ಕರು, ಹೊಲಿಗೆ ಯಂತ್ರ ಇಷ್ಟನ್ನು ಗಾಡಿಯಲ್ಲಿ ಹೇರಿಕೊಂಡು ಬಂದರಿಗೆ ಹೋಗಿ ದೋಣಿ ಹತ್ತಿದಳು. ಅಲ್ಲಿ ಪ್ರತಿ ಬಾಗಿಲೂ ಟಕ್ ಎಂದು ಮುಚ್ಚುತ್ತಿತ್ತು. ನಲ್ಲಿ ತಿರುಗಿಸಿದರೆ ನೀರು, ಇನ್ನೊಮ್ಮೆ ತಿರುಗಿಸಿದರೆ ಇಲ್ಲ. ಅಷ್ಟು ಸಾಕಾಗಿತ್ತು ಅವಳಿಗೆ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಉಣ್ಣುವುದು ಒಬ್ಬರು ಇಲ್ಲಿ, ಮಲಗುವುದು ಇನ್ನೊಬ್ಬರು ಅಲ್ಲಿ ಎಂದಾದರೆ ಗಾದೆಯಾದರೂ ಪಾಪ ಏನು ಮಾಡೀತು? ಅಪ್ಪ ಲೆಕ್ಕ ಹಾಕಿದ: ದೋಣಿ ಮಾರಿಬಿಟ್ಟರೆ ಇವಳು ಎಲ್ಲಿರುತ್ತಾಳೆ? ಮನೆಗೆ ಬರಲೇಬೇಕು. ಅಮ್ಮನೂ ಲೆಕ್ಕ ಹಾಕಿದಳು: ಮಾರಲಿ, ಕೊಂಡವರ ಜೊತೆ ನಾನೂ ಹೋಗುತ್ತೇನೆ. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಗುಬ್ಬಿ. ಅವಳಿಗೆ ಬೇಕಾದದ್ದು ಒಂದೇ: ಅಮ್ಮ ಮನೆಗೆ ಬರಬೇಕು. ದೋಣಿ ಮುಳುಗಲಿ, ತೇಲಲಿ, ಹಾರಲಿ.

ಶನಿವಾರ ದೋಣಿ ತಿಕ್ಕುವ ಪದ್ಧತಿಯನ್ನು ಮಾತ್ರ ಅಪ್ಪ ಬಿಡಲಿಲ್ಲ. ಅಮ್ಮ ಬೆಂಚಿನ ಮೇಲೆ ಕೂತು ಮೊಟ್ಟೆ ಸುಲಿಯುತ್ತಿದ್ದರೆ ಅಪ್ಪ ಅದೇ ಬೆಂಚನ್ನು ತಿಕ್ಕುತ್ತ ಬಂದ. ಅಮ್ಮ ಕಾಲೆತ್ತಿದಳು. ಅಪ್ಪ ಕಾಲಿನ ಕೆಳಗೆ ತಿಕ್ಕಿ ಮುಂದೆ ಹೋದ. ಅಮ್ಮ ಕಾಲಿಳಿಸಿದಳು.

"ಗುಬ್ಬೀ, ಇವಳಿಗೆ ಹೇಳು, ವಾರ್ನಿಷ್ ಮೇಲೆ ಬಿಸಿ ಪಾತ್ರೆ ಇಡಬಾರ್ದು ಅಂತ."

ಕೈ ಚಾಚಿದರೆ ಮೂಗು ಸಿಗುವಷ್ಟು ಹತ್ತಿರವಿದ್ದಳು ಅಮ್ಮ. ಗುಬ್ಬಿ ಅವಳ ಕಡೆ ತಿರುಗಿ, "ಬಿಸಿ ಪಾತ್ರೆ," ಎಂದಳು.

"ಇವರಿಗೆ ಹೇಳು, ಪಾತ್ರೆ ಹಲಗೆ ಮೇಲಿದೆ. ಇಲ್ಲಿ ಹಲಗೆ ಗೋಡೆಗೇ ಅಂಟ್ಕೊಂಡಿರುತ್ತೆ, ಕಾಲ ಮೇಲೆ ಬೀಳಲ್ಲ. ಅಭ್ಯಾಸ ಇಲ್ದೋರಿಗೆ ಆಶ್ಚರ್ಯ ಆಗ್ಬಹುದು."

"ಹಲಗೆ ಮೇಲಿದೆಯಂತೆ."

"ಅಷ್ಟೇನಾ? ನನ್ನ ಕಿವಿಗೆ ಬಿದ್ದಿದ್ದು ಇನ್ನೂ ಉದ್ದ ಇತ್ತಲ್ಲ!"

"ಕರಡು ತಿದ್ದಿದೀನಿ ಅಪ್ಪಾ," ಎಂದಳು ಗುಬ್ಬಿ.

ಪ್ರಕಟಣೆ ನೋಡಿ ಮೊದಲು ಬಂದವರು ದನದ ಡಾಕ್ಟರು. ದೋಣಿಯ ಹೊಟ್ಟೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳಿದರು. ಹಿಂದೆ ಹೋಗಿ ಚುಕ್ಕಾಣಿಯನ್ನು ಬಾಲದಂತೆ ಎತ್ತಿ ನೋಡಿದರು. "ಗಟ್ಟಿ ಪ್ರಾಣಿ. ಮೇವು ಚೆನ್ನಾಗಿ ಬಿದ್ದಿದೆ," ಎಂದು ಮೆಚ್ಚಿಕೊಂಡು ಒಳಗಿಳಿದರು. ಅಮ್ಮ ಚಹಾ ಕೊಟ್ಟಳು.

"ಇವರು?"

"ಇವರು ದೋಣಿ ಜೊತೆ ಬರಲ್ಲ. ಪ್ರಕಟಣೇಲೇ ಹಾಕಿದೀವಿ," ಎಂದ ಅಪ್ಪ.

"ಬರ್ತೀನಿ," ಎಂದಳು ಅಮ್ಮ. "ಸಕ್ಕರೆ ಸಾಕಾ ಡಾಕ್ಟ್ರೇ?"

ಡಾಕ್ಟರು ಇಬ್ಬರ ಮುಖವನ್ನೂ ನೋಡುತ್ತ ನಿಧಾನವಾಗಿ ಚಹಾ ಮುಗಿಸಿದರು. "ನೋಡಿ ಸ್ವಾಮಿ, ಜಾಗ ಹಿಡಿದು ಮಲಗಿರೋದನ್ನ ಎಬ್ಬಿಸೋಕೆ ಹೋಗಿ ಒದೆ ತಿಂದೋರು ನನ್ನ ಕಸುಬಲ್ಲಿ ಬಹಳ ಜನ ಇದಾರೆ," ಎಂದು ಕಪ್ಪು ಕೆಳಗಿಟ್ಟು ಹೊರಟುಹೋದರು.

ಆಮೇಲೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. ಹುಡುಗ ಹಾಯಿ ಕಟ್ಟುವ ಕೂವೆಮರವನ್ನು ತಲೆಯೆತ್ತಿ ನೋಡುತ್ತಿದ್ದಾಗ ಹುಡುಗಿ, "ನೀವ್ಯಾಕೆ ಆಂಟಿ ಇಲ್ಲಿದ್ದೀರಾ?" ಎಂದು ಕೇಳಿದಳು. ಅಮ್ಮ ಹೇಳಿದಳು, ನಲ್ಲಿಯಿಂದ ಹಿಡಿದು ಹಲಗೆಯವರೆಗೆ. ಹುಡುಗಿ ಗಂಡನ ಕಡೆ ತಿರುಗಿ, "ನಮ್ಮ ಬೀರು ಬಾಗಿಲು ಯಾವಾಗ ಸರಿ ಮಾಡಿಸ್ತೀರಿ?" ಎಂದಳು. ಅವನು ಅವಳ ಕೈ ಹಿಡಿದುಕೊಂಡು ಓಡದಷ್ಟೇ ಬೇಗ ನಡೆದ. ಮಾರನೆಯ ದಿನ ಹುಡುಗಿ ಒಬ್ಬಳೇ ದಿಂಬಿನ ಜೊತೆ ಬಂದಳು. "ಮೊದಲು ಬಾಯಿಬಿಟ್ಟು ಜಗಳ ಆಡಮ್ಮಾ, ದಿಂಬು ಎತ್ತೋದು ಕೊನೇಲಿ," ಎಂದು ಅಮ್ಮ ಬುದ್ಧಿ ಹೇಳಿ ಕಳಿಸಿದಳು.

ದೋಣಿ ಹೀಗೆ ಮಾರಾಟವಾಗದೆ ಉಳಿದರೆ ಬಂದರಿನಲ್ಲಿ ನಗೆಪಾಟಲಾಗುವುದೆಂದು ಅಪ್ಪನಿಗೆ ರೋಷ ಬಂತು. ಕಟ್ಟೆಯ ಮೇಲೆ ನಿಂತು, ನಾಲ್ಕು ಜನರ ಮುಂದೆ, "ಬೇಕು ಅಂತ ಮೊದಲು ಯಾರು ಅಂತಾರೋ ಅವರಿಗೆ ಕೊಟ್ಟೆ. ಎರಡು ಮಾತಿಲ್ಲ. ನಾನು ಮಾರೋ ಎಲ್ಲದಕ್ಕೂ ಇದೇ ಮಾತು," ಎಂದು ಘೋಷಿಸಿದ.

ಅದಾದ ಮೇಲೆ ಬಂದವರು ಕಂಡಕ್ಟರಮ್ಮ. ಬಸ್ಸಿನಲ್ಲಿ ಟಿಕೆಟ್ ಕೊಟ್ಟು ನಿವೃತ್ತರಾದವರು. ಜೀವಮಾನವೆಲ್ಲ ಒಂದೇ ರಸ್ತೆಯಲ್ಲಿ ಹೋಗಿ, ಅದೇ ರಸ್ತೆಯಲ್ಲಿ ವಾಪಸಾಗಿದ್ದರು. ನಿವೃತ್ತಿಯ ಮಾರನೆಯ ದಿನವೇ ಹಾಯಿದೋಣಿ ನಡೆಸುವುದನ್ನು ಕಲಿಯಲು ಸೇರಿ, ಅದನ್ನೂ ಮುಗಿಸಿದ್ದರು.

"ಒಳಗೆ ಹೋಗಿ, ಒಳಗೆ ಹೋಗಿ, ಜಾಗ ಇದೆ," ಎಂದು ಅಪ್ಪನನ್ನೂ ಗುಬ್ಬಿಯನ್ನೂ ಅವರದೇ ದೋಣಿಯೊಳಗೆ ತಳ್ಳಿಕೊಂಡು ಬಂದರು. "ಕುಂದು ಏನಾದ್ರೂ ಇದ್ಯಾ?"

"ಹುಡುಕಿ ನೋಡಿ," ಎಂದ ಅಪ್ಪ ಎದೆಯುಬ್ಬಿಸಿ.

ಅವರು ಹುಡುಕಿದರು. ಹಾಸಿಗೆಯ ಕೆಳಗೆ, ಎಂಜಿನ್ನಿನ ಹಿಂದೆ, ನೀರು ನಿಲ್ಲುವ ತಳದ ಗುಂಡಿಯಲ್ಲಿ. ಗುಂಡಿಯಲ್ಲಿ ಧೂಳು ಕೂಡ ಇರಲಿಲ್ಲ. ಕೊನೆಗೆ ಅಮ್ಮನ ಹತ್ತಿರ ಬಂದು ನಿಂತರು.

"ಇವರು?"

"ಬರಲ್ಲ."

"ಬರ್ತೀನಿ."

"ಬರಲಿ ಬಿಡಿ," ಎಂದರು ಕಂಡಕ್ಟರಮ್ಮ. "ಒಬ್ಬಳೇ ಎಷ್ಟು ದಿನ ಅಂತ ಸಮುದ್ರದ ಮುಖ ನೋಡೋದು? ಏನು ತಾಯಿ, ಹೊಲಿಗೆ ಯಂತ್ರ ಇಟ್ಟಿದೀರಿ. ಹಾಯಿ ಹರಿದ್ರೆ ಹೊಲೀತೀರಾ?"

"ಹಾಯಿ ಏನು, ಸಮುದ್ರ ಹರಿದ್ರೂ ಹೊಲೀತೀನಿ."

"ಎಲ್ಲಿಗೆ ಅಂತ ಕೇಳಬಾರ್ದು. ಸ್ಟಾಪೇ ಇಲ್ಲದ ಕಡೆ ಹೋಗ್ಬೇಕು ಅಂತ ನನ್ನ ಆಸೆ."

"ನಲ್ಲಿ ಸೋರದ ಕಡೆ ಆದ್ರೆ ನನಗೆ ಎಲ್ಲಿಗಾದ್ರೂ ಸೈ."

"ಹಾಗಾದ್ರೆ ದೋಣಿ ನನಗೆ ಬೇಕು. ಬರೋ ಭಾನುವಾರ ಹೊರಡೋದು. ರೈಟ್!" ಎಂದು ಕಂಡಕ್ಟರಮ್ಮ ಛಾವಣಿಗೆ ಎರಡು ಏಟು ಹಾಕಿದರು.

ಅಪ್ಪನ ಮುಖ ಅವನ ಕೋಣೆಯ ಗಾರೆಯಂತೆ ಬಿಳಿಚಿಕೊಂಡಿತು. ಗುಬ್ಬಿ ಅಮ್ಮನನ್ನೇ ನೋಡಿದಳು. ಅಮ್ಮ ನಗುತ್ತಿದ್ದಳು, ನಿಜ. ಆದರೆ ಸುಲಿಯುತ್ತಿದ್ದ ಮೊಟ್ಟೆಯ ಸಿಪ್ಪೆಯ ಜೊತೆ ಅರ್ಧ ಮೊಟ್ಟೆಯನ್ನೂ ಕಿತ್ತು ಕಸಕ್ಕೆ ಹಾಕಿದ್ದಳು.

ಮನೆಯ ದಾರಿಯಲ್ಲಿ ಗುಬ್ಬಿ, "ಕೊಡಲ್ಲ ಅಂದ್ಬಿಡಪ್ಪಾ," ಎಂದಳು.

"ನಾಲ್ಕು ಜನರ ಮುಂದೆ ಆಡಿದ ಮಾತು ಕಣೇ."

"ಹಾಗಾದ್ರೆ ಅಮ್ಮನ್ನ ಬಾ ಅಂತ ಕರಿ."

"ಕರೀಬಹುದು. ಮನೆ ನೋಡಿದೀರಾ ಅಂತಾಳೆ. ನೋಡಿದೀನಿ, ಅದೇ ಕಷ್ಟ."

"ರಿಪೇರಿ ಮಾಡು."

ಅಪ್ಪ ರಸ್ತೆಯ ನಡುವೆಯೇ ನಿಂತ. "ಯಾರಿಗೆ ತೋರ್ಸೋಕೆ?"

ಕುಹಕದ ಮಾತಲ್ಲ ಅದು. ಅವನಿಗೆ ನಿಜವಾಗಿಯೂ ತಿಳಿಯುತ್ತಿರಲಿಲ್ಲ. ಮನೆಗೆ ಹೋದ ಮೇಲೆ ಪ್ರಯತ್ನಪಟ್ಟ ಕೂಡ. ಸ್ಕ್ರೂಡ್ರೈವರ್ ಹಿಡಿದು ಬಚ್ಚಲಿನ ಬಾಗಿಲ ಮುಂದೆ ಹೋಗಿ ನಿಂತ. ಸ್ವಲ್ಪ ಹೊತ್ತಿಗೆ, ಯಾಕೆ ಬಂದೆನೆಂದು ಮರೆತು ಒಳಗೆ ಹೋಗಿ ಹಾಡುತ್ತ ಕೈಕಾಲು ತೊಳೆದುಕೊಂಡು ಬಂದ. ಪಾನಾ ಹಿಡಿದು ನಲ್ಲಿಯ ಮುಂದೆ ಕೂತ. ನೀರು ದಾರದಗುಂಟ ಇಳಿಯುವುದನ್ನು ನೋಡುತ್ತ ಕೂತೇ ಇದ್ದ. "ಕೈ ಏಳ್ತಿಲ್ಲ ಗುಬ್ಬೀ," ಎಂದ ಕೊನೆಗೆ, ಪೆಟ್ಟು ತಿಂದ ಹುಡುಗನ ದನಿಯಲ್ಲಿ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎನ್ನುವುದನ್ನು ಗುಬ್ಬಿ ಕೇಳಿದ್ದಳು. ಇಲ್ಲಿ ಯಾರು ಕೂಸು ಎಂಬುದೇ ಅವಳಿಗೆ ಗೊತ್ತಾಗಲಿಲ್ಲ.

ಅವಳು ಎದ್ದು ಗಾರೆಯ ಪುಡಿ ಬರುವ ರಟ್ಟಿನ ಪೆಟ್ಟಿಗೆಯ ಒಂದು ಮಗ್ಗುಲು ಕತ್ತರಿಸಿದಳು. ದಪ್ಪ ಪೆನ್ನಿನಲ್ಲಿ, 'ಈ ಮನೆ ಮಾರಾಟಕ್ಕಿದೆ. ಒಳಗೆ ಬಂದು ನೋಡಬಹುದು' ಎಂದು ಬರೆದಳು. ಗೇಟಿಗೆ ಕಟ್ಟಿ, ಓಡಿಬಂದು ಪರದೆಯ ಹಿಂದೆ ನಿಂತಳು.

ಮಾರನೆಯ ಬೆಳಿಗ್ಗೆಯೇ ಬೇಕರಿಯವನು ಬಂದ. ಜೊತೆಗೆ ಅವನ ಅಕ್ಕ. ಬೇಕರಿಯವನ ಬಾಯಲ್ಲಿದ್ದದ್ದು ಅಪ್ಪ ಕಟ್ಟಿದ ಹಲ್ಲೇ, ಹಾಗಾಗಿ ಅವನು ನಗುತ್ತಿದ್ದ. ಅಕ್ಕ ನಗುವ ಪೈಕಿಯಲ್ಲ.

ಅಪ್ಪ ಕೈಯ ಗಾರೆ ಒರೆಸಿಕೊಳ್ಳುತ್ತ ಕೋಣೆಯಿಂದ ಹೊರಬಂದ. "ಏನು ಬಂದ್ರಿ?"

"ಬೋರ್ಡ್ ನೋಡಿ ಬಂದ್ವಿ. ಮನೆ ಮಾರ್ತಿದೀರಂತಲ್ಲ."

ಅಪ್ಪ ಪರದೆಯ ಕಡೆ ನೋಡಿದ. ಪರದೆಯ ಕೆಳಗೆ ಗುಬ್ಬಿಯ ಕಾಲ್ಬೆರಳುಗಳು ಒಂದರ ಮೇಲೊಂದು ಹತ್ತಿಕೊಂಡು ನಿಂತಿದ್ದವು. ಏನೋ ತಪ್ಪಾಗಿದೆ, ಹೋಗಿಬನ್ನಿ ಎಂದುಬಿಡಬಹುದಿತ್ತು. ಅಷ್ಟರಲ್ಲಿ ಅಕ್ಕ ಬಚ್ಚಲಿನ ಬಾಗಿಲು ಎಳೆದಾಗಿತ್ತು.

"ಇದಕ್ಕೆ ಚಿಲಕಾನೇ ಇಲ್ವಲ್ರೀ!"

ಅಪ್ಪನ ಕಿವಿ ಕೆಂಪಾಯಿತು. "ಬಿಚ್ಚಿಟ್ಟಿದೀನಿ. ಪಾಲಿಶ್ ಮಾಡೋಕೆ."

"ನಲ್ಲಿಗೆ ಯಾಕೆ ಬಟ್ಟೆ?"

"ಅದು... ಧೂಳು ಕೂರಬಾರ್ದು ಅಂತ."

"ಮೂರನೇ ಮೆಟ್ಟಿಲು ಎಲ್ಲಿ?"

"ಬರ್ತಾ ಇದೆ," ಎಂದ ಅಪ್ಪ, ಮೆಟ್ಟಿಲು ಬಸ್ಸಿಗೆ ಕಾಯುತ್ತಿರುವಂತೆ. "ತೇಗದ್ದು. ನೀವು ಶನಿವಾರ ಬನ್ನಿ. ಶನಿವಾರ ಬಂದು ಕುಂದು ತೋರ್ಸಿ ನೋಡೋಣ!"

ಅವರು ಹೋದ ಮೇಲೆ ಗುಬ್ಬಿ ಬೈಗುಳಕ್ಕೆ ಕಾದಳು. ಪರದೆ ಸರಕ್ಕನೆ ಸರಿಯಿತು.

"ಬುದ್ಧಿ ಇದ್ಯೇನೇ ನಿಂಗೆ? ಬೋರ್ಡ್ ಹಾಕೋ ಮುಂಚೆ ಒಂದು ಮಾತು ಹೇಳ್ಬಾರ್ದಾ? ಮಾರೋ ವಸ್ತು ಹೀಗೇನೇ ಇಡೋದು? ಮಾನ ಹೋಯ್ತಲ್ಲೇ!" ಎಂದವನೇ ಅಪ್ಪ ಸಲಕರಣೆಯ ಪೆಟ್ಟಿಗೆ ಎತ್ತಿಕೊಂಡ.

ಆ ವಾರ ಊರಿನಲ್ಲಿ ಹಲ್ಲಿಗಾಗಿ ಕಾಯುತ್ತಿದ್ದವರೆಲ್ಲ ಗಂಜಿ ಕುಡಿದರು. ಚಿಲಕ ಬಂತು, ನಲ್ಲಿ ಬಂತು, ದೀಪದ ಸ್ವಿಚ್ಚು ಅಡುಗೆಮನೆಗೇ ಬಂತು, ಮೆಟ್ಟಿಲು ಬಂತು. ಅ‌ಪ್ಪ ಮತ್ತು ಗುಬ್ಬಿ ಇಬ್ಬರೂ ಅಭ್ಯಾಸಬಲದಿಂದ ಹೊಸ ಮೆಟ್ಟಿಲನ್ನು ಹಾರಿಯೇ ಹತ್ತಿದರು. ಆದರೆ ಅಪ್ಪನಿಗೆ ಗೊತ್ತಿದ್ದದ್ದು ದೋಣಿಯನ್ನು ನೋಡಿಕೊಳ್ಳುವುದು ಮಾತ್ರ. ಹಾಗಾಗಿ ಮನೆಯನ್ನೂ ಹಾಗೆಯೇ ನೋಡಿಕೊಂಡ. ಬಿರುಗಾಳಿಗೆ ಜಾರಬಾರದೆಂದು ಮೇಜು ಕುರ್ಚಿಗಳನ್ನು ನೆಲಕ್ಕೆ ಬಿಗಿದ. ನಡೆಯುವಾಗ ಹಿಡಿದುಕೊಳ್ಳಲೆಂದು ಗೋಡೆಯುದ್ದಕ್ಕೂ ಹಿತ್ತಾಳೆಯ ಕಂಬಿ ಹಾಕಿದ. ಕಿಟಕಿಯ ಸಂದುಗಳಿಗೆಲ್ಲ ಡಾಂಬರು ತುಂಬಿದ. ಪುಸ್ತಕದ ಕಪಾಟಿಗೂ ಹಗ್ಗ ಬಂತು. ಗುಬ್ಬಿ ಕರಡು ತಿದ್ದುತ್ತಿದ್ದ ಕುರ್ಚಿಯ ಪಕ್ಕ ತೇಲುಬಳೆಯೊಂದು ನೇತುಬಿತ್ತು, ಅವಳು ಯಾವಾಗ ಬೇಕಾದರೂ ಮುಳುಗಬಹುದೆಂಬಂತೆ.

ಇತ್ತ ಕಂಡಕ್ಟರಮ್ಮ ಮನೆಯ ಮುಂದೆ ಹಾದುಹೋಗುವಾಗ ಬೋರ್ಡು ಕಂಡರು. ದೋಣಿಗೆ ಹೋಗಿ, "ಏನು ತಾಯಿ, ನಿಮ್ಮ ಯಜಮಾನ್ರು ಮನೇನೂ ಮಾರ್ತಿದಾರಲ್ಲ. ಅವರೆಲ್ಲಿಗಂತೆ?" ಎಂದು ಕೇಳಿದರು. ಅಮ್ಮ ಹೊಲಿಯುವುದನ್ನು ನಿಲ್ಲಿಸಿದಳು.

ಶನಿವಾರ ಗೇಟಿನ ಮುಂದೆ ಸಾಲು ನಿಂತಿತ್ತು. ಬೇಕರಿಯ ಅಕ್ಕ ಊರಿಗೆಲ್ಲ ಹೇಳಿದ್ದಳು, ಕುಂದು ಹುಡುಕಲು ಬನ್ನಿ ಎಂದು ಸವಾಲು ಹಾಕಿದ್ದಾರೆಂದು. ಅವಳ ಹಿಂದೆ, ಕೈಯಲ್ಲಿ ಪರ್ಸು ಹಿಡಿದು, ಎಲ್ಲರಂತೆ ಅಮ್ಮನೂ ನಿಂತಿದ್ದಳು.

ಅಪ್ಪ ಬಾಗಿಲಲ್ಲಿದ್ದ. ಅಮ್ಮನ ಸರದಿ ಬಂತು. ಅವನ ಕೈಯಲ್ಲಿದ್ದ ಒರೆಸುವ ಬಟ್ಟೆ ಒಂದು ಕ್ಷಣ ನಿಂತಿತು.

"ಬನ್ನಿ," ಎಂದ. "ಮನೆ ನೋಡೋಕಾ?"

"ಹೌದು. ಬೋರ್ಡ್ ನೋಡ್ದೆ."

ಗುಬ್ಬಿ ಪರದೆಯ ಹಿಂದಿನಿಂದ ಹೊರಬಂದು ಎಂದಿನಂತೆ ಇಬ್ಬರ ನಡುವೆ ನಿಂತಳು. ಇಬ್ಬರೂ ಅವಳ ಕಡೆ ತಿರುಗಲಿಲ್ಲ. ಅವಳನ್ನು ಬಳಸಿಕೊಂಡು ಮುಂದೆ ಹೋದರು, ನೆಲಕ್ಕೆ ಬಿಗಿದ ಇನ್ನೊಂದು ಕುರ್ಚಿಯನ್ನು ದಾಟುವಂತೆ.

"ಇದು ನಲ್ಲಿ," ಎಂದ ಅಪ್ಪ.

ಅಮ್ಮ ತಿರುಗಿಸಿದಳು, ನಿಲ್ಲಿಸಿದಳು, ಕೆಳಗೆ ಅಂಗೈ ಹಿಡಿದು ಕಾದಳು. ಅಂಗೈ ಒಣಗಿಯೇ ಇತ್ತು.

"ಎಷ್ಟು ದಿನ ಹೀಗಿರುತ್ತೆ?"

"ನೋಡೋರು ಬರ್ತಾ ಇರೋವರೆಗೂ ಇರುತ್ತೆ. ಸುಳ್ಳು ಹೇಳಲ್ಲ."

"ಹಲಗೆಗೆ ಯಾಕೆ ಹೀಗೆ ಅಂಚು ಕಟ್ಟಿದೀರಿ?"

"ಮನೆ ವಾಲಿದ್ರೆ ಡಬ್ಬಿ ಬೀಳಬಾರ್ದು ಅಂತ."

"ಮನೆ ವಾಲುತ್ತಾ?"

"ಹೇಳೋಕಾಗಲ್ಲ. ಒಂದ್ಸಲ ವಾಲಿತ್ತಲ್ಲ," ಎಂದ ಅಪ್ಪ. ಆಮೇಲೆ ಬಟ್ಟೆಯಿಂದ ಹಲಗೆಯ ಅಂಚನ್ನು ಒರೆಸತೊಡಗಿದ, ಅಲ್ಲಿ ಒರೆಸಲು ಏನೂ ಇಲ್ಲದಿದ್ದರೂ.

ಅಮ್ಮ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಟಕ್ ಎಂದಿತು. ಹೋದವಳು ಹೊರಗೆ ಬರಲಿಲ್ಲ. ಹಾಲ್‌ನಲ್ಲಿ ಜನ ಸೇರುತ್ತ ಹೋದರು. ಬೇಕರಿಯ ಅಕ್ಕ ಇಡೀ ಮನೆ ಸುತ್ತಿ, ಕುಂದು ಸಿಗದೆ ಸೋತು, ಮುಖ ಗಂಟಿಕ್ಕಿಕೊಂಡು ಅಪ್ಪನ ಮುಂದೆ ಬಂದಳು.

"ಇನ್ನೇನು ನೋಡೋದಿದೆ? ಈ ಮನೆ ನಮಗೆ ಬೇಕು."

ಅಪ್ಪನ ಬಾಯಿ ತೆರೆದುಕೊಂಡಿತು. ಬೇಕು ಅಂತ ಮೊದಲು ಯಾರು ಅಂತಾರೋ ಅವರಿಗೆ. ನಾನು ಮಾರೋ ಎಲ್ಲದಕ್ಕೂ. ಆಡಿದ ಮಾತು ಗಂಟಲಿನವರೆಗೆ ಬಂದು ಕೂತದ್ದು ಗುಬ್ಬಿಗೆ ಕಂಡಿತು. ನಾಳೆ ದೋಣಿಯೂ ಇಲ್ಲ, ಮನೆಯೂ ಇಲ್ಲ, ಅಮ್ಮನಂತೂ ಇಲ್ಲವೇ ಇಲ್ಲ.

"ಮಾರಾಟ ಆಗಿದೆ!"

ಯಾರು ಕೂಗಿದರೆಂದು ಎಲ್ಲರೂ ಸುತ್ತ ನೋಡಿದರು. ಗುಬ್ಬಿಯೂ ನೋಡಿದಳು. ಕೂಗಿದವಳು ತಾನೇ.

"ಯಾರಿಗೆ?" ಎಂದಳು ಬೇಕರಿಯ ಅಕ್ಕ. "ನಮಗಿಂತ ಮೊದಲು ಯಾರು ಬೇಕು ಅಂದ್ರು?"

ಗುಬ್ಬಿಯ ಬೆವರಿದ ಕೈ ತಾನಾಗಿ ಬಚ್ಚಲಿನ ಬಾಗಿಲಿನ ಕಡೆ ಎದ್ದಿತು. "ಒಳಗಿರೋರು."

ಚಿಲಕ ತೆರೆಯಿತು. ಅಮ್ಮ ಹೊರಬಂದಳು. ಮೂಗಿನ ತುದಿ ಕೆಂಪಾಗಿತ್ತು. ಸೆರಗಲ್ಲಿ ಮುಖ ಒರೆಸಿಕೊಂಡು, "ಆಗಲೇ ಹೇಳ್ದೆನಲ್ಲ, ಬೇಕು ಅಂತ," ಎಂದಳು. "ಎರಡು ಸಲ ಹೇಳ್ದೆ. ನಿಮಗೆ ಕೇಳಿಸಿಲ್ಲ. ಬಾಗಿಲು ಅಷ್ಟು ಚೆನ್ನಾಗಿ ಮುಚ್ಚುತ್ತೆ."

ಭಾನುವಾರ ದಿಂಬು, ಕುಕ್ಕರು, ಹೊಲಿಗೆ ಯಂತ್ರ ಕಟ್ಟೆಗಿಳಿದವು. "ಹತ್ತಿದ ಸ್ಟಾಪಲ್ಲೇ ಇಳಿಯೋ ಪ್ಯಾಸೆಂಜರನ್ನ ನನ್ನ ಸರ್ವಿಸಲ್ಲಿ ನೋಡಿರ್ಲಿಲ್ಲ ತಾಯಿ," ಎಂದು ನಕ್ಕ ಕಂಡಕ್ಟರಮ್ಮ ಒಬ್ಬರೇ ಹಗ್ಗ ಬಿಚ್ಚಿದರು. ಅಷ್ಟು ವರ್ಷ ಚೀಲದಲ್ಲೇ ಇದ್ದ ಹಾಯಿ ಮೊದಲ ಸಲ ಗಾಳಿ ಕುಡಿದು ಉಬ್ಬಿತು. ಅಪ್ಪ ಕಟ್ಟೆಯ ತುದಿಯವರೆಗೂ ಓಡಿದ.

"ಉಪ್ಪುನೀರು ತಾಗಿದ್ರೆ ತಕ್ಷಣ ಒರೆಸ್ಬೇಕು!"

"ಏನನ್ನ, ಸಮುದ್ರಾನಾ?" ಎಂಬ ಕೂಗು ಆ ಕಡೆಯಿಂದ ಬಂತು.

ಕತೆ ಇಲ್ಲಿಗೇ ಮುಗಿದಿದ್ದರೆ ಗುಬ್ಬಿ ಪರದೆಯ ಹಿಂದೆ ಹಾಯಾಗಿರುತ್ತಿದ್ದಳು. ಮನೆ ಮಾರಾಟವಾಯಿತಲ್ಲ ಎಂದು ಅವಳೇ ಬೋರ್ಡು ಬಿಚ್ಚಿದಳು. ಕೆಲವು ವಾರ ಎಲ್ಲ ಸರಿಯಾಗಿತ್ತು. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಟಪ್ ಎಂದಿತು. ಇನ್ನೊಮ್ಮೆ ಟಪ್. ಅಪ್ಪ ನಲ್ಲಿಯ ಪಕ್ಕದಲ್ಲೇ ಹಾದುಹೋಗಿ, ನೀರು ಕುಡಿದು, ಲೋಟ ಇಟ್ಟು ಬಂದ. ಅವನಿಗೆ ಕೇಳಿಸಲಿಲ್ಲ. ಅಮ್ಮನಿಗೆ ಕೇಳಿಸಿತು. ಮಲಗುವ ಕೋಣೆಗೆ ಹೋಗಿ ದಿಂಬಿನ ಕವರು ಬದಲಿಸತೊಡಗಿದಳು, ಪ್ರಯಾಣಕ್ಕೆ ಹೊರಟವರ ಹಾಗೆ ನೀಟಾಗಿ.

ಗುಬ್ಬಿ ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿ, ರಟ್ಟನ್ನು ಮತ್ತೆ ಗೇಟಿಗೆ ಕಟ್ಟಿದಳು. ಒಳಗೆ ಬರುವಷ್ಟರಲ್ಲಿ, ಕಿಟಕಿಯಿಂದ ಬೋರ್ಡು ಕಂಡ ಅಪ್ಪ ಪಾನಾ ಹುಡುಕುತ್ತಿದ್ದ.

ಅಂದಿನಿಂದ ಆ ಮನೆ ಮಾರಾಟಕ್ಕಿದೆ. ಭಾನುವಾರ ಬಂದರೆ ನೋಡುವವರು ಬರುತ್ತಾರೆ. ಅಪ್ಪ ಮಹಡಿಯ ಮೇಲೆ ಏನನ್ನೋ ತಿಕ್ಕುತ್ತಿರುತ್ತಾನೆ. ಅಮ್ಮ ಅಡುಗೆಮನೆಯಲ್ಲಿ ಯಾರೂ ಬೇಕು ಎನ್ನಲಾರದಂಥ ದುಬಾರಿ ಬೆಲೆ ಯೋಚಿಸುತ್ತಿರುತ್ತಾಳೆ. ಬಾಗಿಲು ತೆರೆಯಬೇಕಾದವಳು ಗುಬ್ಬಿ. ಪ್ರತಿಸಲವೂ ಅವಳ ಅಂಗೈ ಬೆವರುತ್ತದೆ, ನಾಲಗೆ ಅಂಟಿಕೊಳ್ಳುತ್ತದೆ. ಒರೆಸಿಕೊಂಡು, ಉಗುಳು ನುಂಗಿಕೊಂಡು, ಚಿಲಕ ತೆಗೆಯುತ್ತಾಳೆ.

"ಬನ್ನಿ, ಒಳಗೆ ಬನ್ನಿ," ಎನ್ನುತ್ತಾಳೆ ಹೊಸಬರಿಗೆ. "ಎಲ್ಲಾ ತೆಗೆದು ನೋಡಿ, ನಲ್ಲಿ ಜೋರಾಗಿ ತಿರುಗಿಸಿ, ನಾಚ್ಕೋಬೇಡಿ. ಕುಂದು ಏನಾದ್ರೂ ಕಂಡ್ರೆ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳಿ. ನಮ್ಮಪ್ಪ ಮೇಲಿದಾರೆ."